ತಾರೀಕಿಗೂ ಸಾಕ್ಷಿ ಬೇಕು

ಜಗತ್ತಿನ ಮೊದಲ ಮೈಕ್ರೊಪ್ರೊಸೆಸರ್ ಯಾವುದು, ಅದು ಯಾವಾಗ ಬಂತು ಎಂಬ ಪ್ರಶ್ನೆಗೆ ಸ್ಪರ್ಧಾತ್ಮಕ ಪರೀಕ್ಷೆಗಳ ಮಾರ್ಗದರ್ಶಿಗಳಿಂದ ಹಿಡಿದು ಇಂಟೆಲ್ ಕಂಪನಿಯ ವಾರ್ಷಿಕೋತ್ಸವದ ಪ್ರಕಟಣೆಗಳವರೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಇಂಟೆಲ್ 4004, 1971ರ ನವೆಂಬರ್ 15. ದಿನ, ತಿಂಗಳು, ವರ್ಷ ಮೂರೂ ಇರುವ ತಾರೀಕನ್ನು ಕಂಡೊಡನೆ ಓದುಗನಿಗೆ ನಂಬಿಕೆ ಬರುತ್ತದೆ. ಆದರೆ ಆ ದಿನ ನಿಜಕ್ಕೂ ನಡೆದದ್ದೇನು? ಅಮೆರಿಕದ ‘ಎಲೆಕ್ಟ್ರಾನಿಕ್ ನ್ಯೂಸ್’ ಎಂಬ ವಾರಪತ್ರಿಕೆಯ ಆ ಸೋಮವಾರದ ಸಂಚಿಕೆಯಲ್ಲಿ ಈ ಚಿಪ್‌ನ ಜಾಹೀರಾತು ಬಂತು. ಅಷ್ಟು ಹೊತ್ತಿಗೆ ಚಿಪ್ ಸರಿಯಾಗಿ ಕೆಲಸ ಮಾಡತೊಡಗಿ ಸುಮಾರು ಹತ್ತು ತಿಂಗಳಾಗಿತ್ತು, ಮೊದಲ ಗಿರಾಕಿಯ ಕೈ ಸೇರಿ ಎಂಟು ತಿಂಗಳಾಗಿತ್ತು. ಹಾಗೆಂದು ನವೆಂಬರ್ 15 ತಪ್ಪು ಎಂದು ನಾನು ಹೇಳುತ್ತಿಲ್ಲ. ಅದು ಜಾಹೀರಾತಿನ ತಾರೀಕು, ಹಾಗೆಂದೇ ಬರೆದರೆ ಪೂರ್ತಿ ಸರಿ. ಹಳೆಯ ಪ್ರೊಸೆಸರ್‌ಗಳ ವಿಷಯದಲ್ಲಿ ಯಾವ ತಾರೀಕನ್ನೇ ಬರೆಯಲಿ, ಅಂದು ಏನು ನಡೆಯಿತು, ಅದು ನಡೆಯಿತೆಂದು ಹೇಳುವ ಆ ಕಾಲದ ದಾಖಲೆ ಯಾವುದು ಎಂಬ ಎರಡು ಮಾತು ಅದರ ಜತೆಯಲ್ಲೇ ಬರಬೇಕು. ಇವೆರಡೂ ಇಲ್ಲದ ತಾರೀಕನ್ನು ಇತಿಹಾಸದ ಪುಸ್ತಕದಲ್ಲಾಗಲಿ, ಪತ್ರಿಕೆಯಲ್ಲಾಗಲಿ, ಪ್ರಶ್ನೆಪತ್ರಿಕೆಯಲ್ಲಾಗಲಿ ಒಪ್ಪಬಾರದು ಎಂಬುದು ನನ್ನ ವಾದ.

4004ರ ಕಥೆಯನ್ನೇ ಸ್ವಲ್ಪ ಬಿಡಿಸಿ ನೋಡೋಣ. ಜಪಾನಿನ ಬ್ಯುಸಿಕಾಂ ಎಂಬ ಕ್ಯಾಲ್ಕುಲೇಟರ್ ಕಂಪನಿ 1969ರಲ್ಲಿ ತನ್ನ ಯಂತ್ರಗಳಿಗೆ ಚಿಪ್ ಮಾಡಿಕೊಡಲು ಇಂಟೆಲ್ ಬಳಿಗೆ ಬಂತು. ಟೆಡ್ ಹಾಫ್ ಮತ್ತು ಸ್ಟ್ಯಾನ್ ಮೇಜರ್ ಅದರ ಒಟ್ಟು ರೂಪರೇಖೆ ಹಾಕಿದರು. ಬ್ಯುಸಿಕಾಂ ಕಡೆಯಿಂದ ಮಸತೋಶಿ ಶಿಮಾ ಇದ್ದರು. ಕಾಗದದ ಮೇಲಿದ್ದದ್ದನ್ನು ಸಿಲಿಕಾನ್‌ಗೆ ಇಳಿಸಿದ್ದು 1970ರ ಏಪ್ರಿಲ್‌ನಲ್ಲಿ ಇಂಟೆಲ್ ಸೇರಿದ ಫೆಡೆರಿಕೊ ಫಾಜಿನ್. 1970ರ ಡಿಸೆಂಬರ್ ಕೊನೆಗೆ ಬಂದ ಮೊದಲ ವೇಫರ್‌ಗಳು, ಅಂದರೆ ಚಿಪ್‌ಗಳನ್ನು ಮೂಡಿಸಿದ ಸಿಲಿಕಾನ್ ಬಿಲ್ಲೆಗಳು, ಕೆಲಸ ಮಾಡಲಿಲ್ಲ, ತಯಾರಿಕೆಯಲ್ಲಿ ಒಂದು ಪದರವೇ ಬಿಟ್ಟುಹೋಗಿತ್ತು. 1971ರ ಜನವರಿಯಲ್ಲಿ ಬಂದವು ಕೆಲಸ ಮಾಡಿದವು. ಮಾರ್ಚ್‌ನಲ್ಲಿ ಬ್ಯುಸಿಕಾಂಗೆ ಚಿಪ್‌ಗಳ ಪೂರ್ಣ ಸೆಟ್ ಹೋಯಿತು. ಆದರೆ ಒಪ್ಪಂದದ ಪ್ರಕಾರ ಈ ಚಿಪ್ ಬ್ಯುಸಿಕಾಂ ಒಬ್ಬರಿಗೇ ಮೀಸಲು, ಬೇರೆಯವರಿಗೆ ಮಾರುವ ಹಕ್ಕು ಇಂಟೆಲ್‌ಗೆ ಇರಲಿಲ್ಲ. ಆಮೇಲೆ ಮಾತುಕತೆ ನಡೆದು, 60,000 ಡಾಲರ್ ಹಿಂದಿರುಗಿಸಿ ಇಂಟೆಲ್ ಆ ಹಕ್ಕು ಪಡೆದುಕೊಂಡಿತು. ನವೆಂಬರ್ ಜಾಹೀರಾತು ಬಂದದ್ದು ಇಷ್ಟೆಲ್ಲ ಆದ ಮೇಲೆ. ಈಗ ಒಬ್ಬ ಇತಿಹಾಸಕಾರ 4004ರ ಹುಟ್ಟನ್ನು ಜನವರಿಗೆ ಇಡಬಹುದು, ಇನ್ನೊಬ್ಬ ಮಾರ್ಚ್‌ಗೆ, ಮತ್ತೊಬ್ಬ ನವೆಂಬರ್‌ಗೆ. ಮೂವರ ಕೈಯಲ್ಲೂ ಆಧಾರವಿದೆ. ಯಾವ ಘಟನೆಯನ್ನು ಲೆಕ್ಕ ಹಿಡಿದೆವೆಂದು ಮೂವರೂ ಹೇಳಿದರೆ ಜಗಳವೇ ಇರುವುದಿಲ್ಲ. ಹೇಳದೇ ಹೋದಾಗ ಮಾತ್ರ ಒಬ್ಬರ ಪುಸ್ತಕ ಇನ್ನೊಬ್ಬರ ಪುಸ್ತಕವನ್ನು ಸುಳ್ಳು ಮಾಡಿದಂತೆ ಕಾಣುತ್ತದೆ.

ಆ ಹತ್ತು ತಿಂಗಳ ಅಂತರದೊಳಗೆ ಬೇರೆಯವರೂ ಓಡುತ್ತಿದ್ದರು ಎಂಬುದು ಈ ವಿಷಯಕ್ಕೆ ತೂಕ ತಂದುಕೊಡುವ ಸಂಗತಿ. ಕಂಪ್ಯೂಟರ್ ಟರ್ಮಿನಲ್ ಕಾರ್ಪೊರೇಷನ್ ಎಂಬ ಕಂಪನಿಯ ಡೇಟಾಪಾಯಿಂಟ್ 2200 ಯಂತ್ರಕ್ಕಾಗಿ ಇಂಟೆಲ್ ಮತ್ತು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎರಡೂ ಎಂಟು ಬಿಟ್‌ನ ಪ್ರೊಸೆಸರ್ ಮಾಡುತ್ತಿದ್ದವು. ಟೆಕ್ಸಾಸ್‌ನವರ ಚಿಪ್ 1971ರಲ್ಲೇ ಸಿದ್ಧವಾಗಿ, ಜೂನ್ ಹೊತ್ತಿಗೆ ‘ಎಲೆಕ್ಟ್ರಾನಿಕ್ಸ್’ ಪತ್ರಿಕೆಯಲ್ಲಿ ಸುದ್ದಿಯೂ ಆಗಿತ್ತು. ಗಿರಾಕಿ ಅದನ್ನು ಒಪ್ಪಲಿಲ್ಲ, ಚಿಪ್ ಮಾರುಕಟ್ಟೆಗೆ ಬರಲೇ ಇಲ್ಲ. ಇಂಟೆಲ್‌ನ ಎಂಟು ಬಿಟ್ ಚಿಪ್ 8008 ಹೊರಬಂದದ್ದು 1972ರ ಏಪ್ರಿಲ್‌ನಲ್ಲಿ. ಅದೇ ಟೆಕ್ಸಾಸ್ ಕಂಪನಿ 1971ರ ಸೆಪ್ಟೆಂಬರ್ 17ರಂದು ಕ್ಯಾಲ್ಕುಲೇಟರನ್ನೇ ಒಂದು ಚಿಪ್‌ನಲ್ಲಿ ಅಡಗಿಸಿದ ಟಿಎಂಎಸ್1802 ಅನ್ನು ಪ್ರಕಟಿಸಿತು. ಇವೆಲ್ಲಕ್ಕಿಂತ ಮೊದಲು ಲೀ ಬಾಯ್ಸೆಲ್ ಅವರ ಫೋರ್-ಫೇಸ್ ಸಿಸ್ಟಮ್ಸ್ ಎಎಲ್1 ಎಂಬ ಎಂಟು ಬಿಟ್ ಚಿಪ್ ರೂಪಿಸಿ ತನ್ನದೇ ಕಂಪ್ಯೂಟರ್‌ನಲ್ಲಿ ಬಳಸಿತು, ಅದನ್ನು ಬಿಡಿಯಾಗಿ ಪ್ರೊಸೆಸರ್ ಎಂದು ಮಾರಲಿಲ್ಲ. ಅಮೆರಿಕದ ನೌಕಾಪಡೆಯ ಎಫ್-14 ವಿಮಾನಕ್ಕಾಗಿ ರೇ ಹೋಲ್ಟ್, ಸ್ಟೀವ್ ಗೆಲ್ಲರ್ ಮತ್ತು ಸಂಗಡಿಗರು 1968ರಿಂದ 1970ರವರೆಗೆ ರೂಪಿಸಿದ ಎಂಪಿ944 ಚಿಪ್‌ಗಳು ರಕ್ಷಣಾ ರಹಸ್ಯವಾಗಿದ್ದವು, ಅವುಗಳ ವಿವರ ಬಹಿರಂಗವಾದದ್ದು 1998ರಲ್ಲಿ. ಹಾಗಾದರೆ ಮೊದಲು ಯಾರು? ವಿನ್ಯಾಸ ಮುಗಿದದ್ದು ಲೆಕ್ಕವೆಂದರೆ ಒಂದು ಉತ್ತರ, ಯಂತ್ರದೊಳಗೆ ದುಡಿದದ್ದು ಲೆಕ್ಕವೆಂದರೆ ಇನ್ನೊಂದು, ಪತ್ರಿಕೆಯಲ್ಲಿ ಸುದ್ದಿಯಾದದ್ದು ಲೆಕ್ಕವೆಂದರೆ ಮತ್ತೊಂದು. ಯಾರು ಬೇಕಾದರೂ ಬಂದು ಬಿಡಿಯಾಗಿ ಕೊಳ್ಳಬಹುದಾಗಿದ್ದ ಚಿಪ್ ಎಂದು ಕೇಳಿದರೆ ಮಾತ್ರ 4004 ಗಟ್ಟಿಯಾಗಿ ನಿಲ್ಲುತ್ತದೆ. ಅದೇನೂ ಸಣ್ಣ ಹೆಗ್ಗಳಿಕೆಯಲ್ಲ. ಆದರೆ ಆ ಷರತ್ತನ್ನು ಬಿಟ್ಟು ಬರೆದರೆ ಬಾಯ್ಸೆಲ್, ಹೋಲ್ಟ್‌ರಂಥವರಿಗೆ ಅನ್ಯಾಯವಾಗುತ್ತದೆ.

ಐವತ್ತು ವರ್ಷ ಹಳೆಯ ಚಿಪ್ ನಾಲ್ಕು ತಿಂಗಳು ಹಿಂದೆ ಬಂದರೇನು, ಮುಂದೆ ಬಂದರೇನು, ಅದರಿಂದ ಯಾರ ಗಂಟು ಹೋಗುತ್ತದೆ ಎಂದು ಕೇಳುವವರಿದ್ದಾರೆ. ಗಂಟು ಹೋದದ್ದೂ ಉಂಟು, ಬಂದದ್ದೂ ಉಂಟು. ಗಿಲ್ಬರ್ಟ್ ಹಯಾಟ್ ಎಂಬ ಸಂಶೋಧಕರು 1970ರ ಡಿಸೆಂಬರ್‌ನಲ್ಲಿ ಸಲ್ಲಿಸಿದ ಅರ್ಜಿಯ ಬೆನ್ನು ಹಿಡಿದು 1990ರ ಜುಲೈ 17ರಂದು ಒಂದೇ ಚಿಪ್‌ನ ಕಂಪ್ಯೂಟರಿಗೆ ಅಮೆರಿಕದ ಪೇಟೆಂಟ್ ಪಡೆದರು. ಇಂಟೆಲ್ ಜಾಹೀರಾತಿಗಿಂತ ಹದಿನೆಂಟು ವರ್ಷಕ್ಕೂ ಹೆಚ್ಚು ತಡವಾಗಿ ಸಿಕ್ಕ ಆ ಪೇಟೆಂಟ್, ತಾರೀಕಿನಲ್ಲಿ ಆ ಜಾಹೀರಾತಿಗಿಂತ ಸುಮಾರು ಒಂದು ವರ್ಷ ಹಿಂದಿನದು. ದೊಡ್ಡ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಗಳು ಅವರಿಗೆ ಭಾರಿ ರಾಯಧನ ತೆತ್ತವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಗ್ಯಾರಿ ಬೂನ್ ಅವರ 1971ರ ಅರ್ಜಿಯ ಆಧಾರದ ಮೇಲೆ ವಿವಾದ ಎದ್ದಿತು. 1996ರಲ್ಲಿ ಪೇಟೆಂಟ್ ಕಚೇರಿ ಬೂನ್ ಪರವಾಗಿ ತೀರ್ಪು ಕೊಟ್ಟಿತು, ಮೇಲ್ಮನವಿಯಲ್ಲೂ ಅದು ಉಳಿಯಿತು. ಪ್ರಶ್ನೆ ಯಾರ ಅರ್ಜಿ ಹಳೆಯದು ಎಂಬುದಾಗಿರಲಿಲ್ಲ, ಹಯಾಟ್ ಅವರದ್ದೇ ಹಳೆಯದು. ಎಲ್ಲವೂ ಒಂದೇ ಚಿಪ್‌ನ ಮೇಲೆ ಎಂಬ ಮಾತಿಗೆ ಆ ಹಳೆಯ ಕಾಗದದಲ್ಲಿ ತಕ್ಕ ವಿವರಣೆ ಇದೆಯೇ ಎಂಬುದೇ ಪ್ರಶ್ನೆಯಾಗಿತ್ತು. ತಾರೀಕು ಇದ್ದರಷ್ಟೇ ಸಾಲದು, ಆ ತಾರೀಕಿನ ದಾಖಲೆ ಏನು ಹೇಳುತ್ತದೆ ಎಂಬುದು ಮುಖ್ಯ ಎಂಬುದಕ್ಕೆ ಇದಕ್ಕಿಂತ ದುಬಾರಿ ಉದಾಹರಣೆ ಬೇಕಿಲ್ಲ. ಟೆಕ್ಸಾಸ್‌ನ ಪೇಟೆಂಟ್ ಹಕ್ಕುಗಳ ಇನ್ನೊಂದು ವ್ಯಾಜ್ಯದಲ್ಲಿ, 1995ರಲ್ಲಿ, ಬಾಯ್ಸೆಲ್ ತಮ್ಮ ಹಳೆಯ ಎಎಲ್1 ಚಿಪ್ ಒಂದನ್ನೇ ಪ್ರೊಸೆಸರ್ ಆಗಿ ಇಟ್ಟುಕೊಂಡು ಕೆಲಸ ಮಾಡುವ ಕಂಪ್ಯೂಟರ್ ಕಟ್ಟಿ ನ್ಯಾಯಾಲಯಕ್ಕೆ ತೋರಿಸಬೇಕಾಯಿತು. ಕಾಲು ಶತಮಾನದ ಹಿಂದಿನ ಚಿಪ್ ಸಾಕ್ಷಿಯ ಕಟಕಟೆಗೆ ಬಂದು ನಿಂತಿತು.

ಹಣದ ಮಾತು ಹಾಗಿರಲಿ, ತಪ್ಪು ತಾರೀಕುಗಳು ಹುಟ್ಟುವ ಬಗೆಯನ್ನು ನೋಡಿದರೂ ಎಚ್ಚರ ಏಕೆ ಬೇಕೆಂದು ತಿಳಿಯುತ್ತದೆ. 8008ರ ಬಗ್ಗೆ ಇಂಟೆಲ್ ತನ್ನ ಪಟ್ಟಿಯಲ್ಲಿ ಹೇಳಿದ್ದು 1972ರ ಏಪ್ರಿಲ್ ಎಂದು ಮಾತ್ರ. ಇಂದು ಹಲವು ಕಡೆ ಅದು 1972ರ ಏಪ್ರಿಲ್ 1 ಆಗಿದೆ. ಈ 1 ಎಲ್ಲಿಂದ ಬಂತು? ಕಂಪ್ಯೂಟರಿನ ಕೋಷ್ಟಕದಲ್ಲಿ ತಾರೀಕಿನ ಅಂಕಣಕ್ಕೆ ದಿನ ತುಂಬದಿದ್ದರೆ ಅದು ಒಪ್ಪುವುದಿಲ್ಲ, ತುಂಬುವವರು ತಿಂಗಳ ಮೊದಲ ದಿನ ಹಾಕುತ್ತಾರೆ. ಬಹುಮಟ್ಟಿಗೆ ಹೀಗೇ ಆಗಿರಬೇಕು ಎಂದು ನಾನು ಊಹಿಸುತ್ತೇನೆ. ಊಹೆಗೆ ಬಲ ಕೊಡುವ ಸಂಗತಿ ಪಂಚಾಂಗದಲ್ಲೇ ಇದೆ: 1972ರ ಏಪ್ರಿಲ್ 1 ಶನಿವಾರ. ವ್ಯಾಪಾರದ ಗಿರಾಕಿಗಳಿಗೆ ಹೊಸ ಸರಕನ್ನು ಅಮೆರಿಕದ ಕಂಪನಿ ವಾರಾಂತ್ಯದ ರಜೆಯ ದಿನ ಪ್ರಕಟಿಸುವುದು ಅಸಾಧ್ಯವಲ್ಲವಾದರೂ ಅಪರೂಪ.

ವಾರ ಕೂಡಿಸಿ ನೋಡುವ ಈ ಪರೀಕ್ಷೆ ಕನ್ನಡಿಗರಿಗೆ ಹೊಸದಲ್ಲ. ನಮ್ಮ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲವನ್ನೂ ಕೊಟ್ಟಿರುತ್ತಾರೆ. ಶಾಸನತಜ್ಞರು ಅವನ್ನು ಒಂದಕ್ಕೊಂದು ತಾಳೆ ನೋಡುತ್ತಾರೆ. ಎಲ್.ಡಿ. ಸ್ವಾಮಿಕಣ್ಣು ಪಿಳ್ಳೈ ಅವರ ಕಾಲಗಣನೆಯ ಕೋಷ್ಟಕಗಳು ಈ ಕೆಲಸಕ್ಕೆಂದೇ ಸಿದ್ಧವಾದವು. ಹೇಳಿದ ತಿಥಿಗೆ ಹೇಳಿದ ವಾರ ಬಾರದಿದ್ದರೆ, ಲಿಪಿ ಹೇಳಿದ ಕಾಲಕ್ಕಿಂತ ಈಚಿನದ್ದಾಗಿದ್ದರೆ, ಶಾಸನದ ಮೇಲೆ ಅನುಮಾನ ಹುಟ್ಟುತ್ತದೆ. ಗಂಗರ ಹೆಸರಿನ ಹಲವು ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಕೂಟಶಾಸನಗಳೆಂದು ಪಕ್ಕಕ್ಕಿಟ್ಟದ್ದು ಇಂಥ ಆಧಾರಗಳ ಮೇಲೆ. ಅವರ ಎಲ್ಲ ತೀರ್ಮಾನಗಳನ್ನೂ ಆಮೇಲಿನವರು ಒಪ್ಪಲಿಲ್ಲ, ಆದರೆ ಶಾಸನ ಹೇಳಿತು ಎಂಬ ಒಂದೇ ಕಾರಣಕ್ಕೆ ತಾರೀಕನ್ನು ಒಪ್ಪಬಾರದೆಂಬ ಶಿಸ್ತು ನಮ್ಮಲ್ಲಿ ಉಳಿಯಿತು. ಸಾವಿರ ವರ್ಷ ಹಳೆಯ ಕಲ್ಲಿಗೆ ತೋರುವ ಈ ಶಿಸ್ತನ್ನು ಐವತ್ತು ವರ್ಷ ಹಳೆಯ ಸಿಲಿಕಾನಿಗೆ ತೋರದಿರಲು ಕಾರಣವೇ ಇಲ್ಲ.

ಪತ್ರಿಕೆಗಳ ತಾರೀಕಿನಲ್ಲೂ ಬಲೆಗಳಿವೆ. ಆಲ್ಟೇರ್ 8800 ಎಂಬ ಕಂಪ್ಯೂಟರ್ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ 1975ರ ಜನವರಿ ಸಂಚಿಕೆಯ ಮುಖಪುಟದಲ್ಲಿ ಬಂತು, ಆದ್ದರಿಂದ ಅದು 1975ರದ್ದು ಎನ್ನುತ್ತೇವೆ. ಆದರೆ ಆ ಸಂಚಿಕೆ 1974ರ ಡಿಸೆಂಬರ್‌ನಲ್ಲೇ ಅಂಗಡಿಯಲ್ಲಿತ್ತು. ಪಾಲ್ ಅಲನ್ ಅದನ್ನು ಕೊಂಡು ಬಿಲ್ ಗೇಟ್ಸ್ ಬಳಿಗೆ ಓಡಿದ್ದು ಆ ಡಿಸೆಂಬರ್‌ನಲ್ಲೇ. ಅಮೆರಿಕದ ಮಾಸಪತ್ರಿಕೆಗಳು ಮುಂದಿನ ತಿಂಗಳ ಹೆಸರು ಹೊತ್ತು ಮೊದಲೇ ಬರುತ್ತವೆ, ಅದರೊಳಗಿನ ಬರಹ ಅದಕ್ಕೂ ಕೆಲವು ವಾರ ಹಿಂದಿನದು. ಇನ್ನು ಅಂಕಿಯಲ್ಲಿ ತಾರೀಕು ಬರೆಯುವಾಗ ಅಮೆರಿಕದವರು ತಿಂಗಳನ್ನು ಮೊದಲು ಹಾಕುತ್ತಾರೆ, ನಾವು ದಿನವನ್ನು. ಇಂಟೆಲ್ 8086ರ ಪ್ರಕಟಣೆಯ ದಿನ 6/8/78 ಎಂದು ಅವರ ಕಾಗದದಲ್ಲಿದ್ದರೆ ಅದು ಜೂನ್ 8, ನಮ್ಮ ಕಣ್ಣಿಗೆ ಆಗಸ್ಟ್ 6.

ತಯಾರಿಸಿದ ಕಂಪನಿಯೇ ಹೇಳಿದ ಮೇಲೆ ಮುಗಿಯಿತಲ್ಲ, ಅದಕ್ಕಿಂತ ದೊಡ್ಡ ಆಧಾರ ಯಾವುದು ಎಂಬ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಕಂಪನಿಯ ಮಾತಿಗೆ ಬೆಲೆ ಇದೆ. ಆದರೆ ಕಂಪನಿ ಅಂದು ಬರೆದದ್ದು ಬೇರೆ, ಇಪ್ಪತ್ತೈದು ವರ್ಷದ ಮೇಲೆ ಸಂಭ್ರಮಾಚರಣೆಗೆ ಬರೆದದ್ದು ಬೇರೆ. 4004ರ ವೇಗವನ್ನೇ ನೋಡಿ. ಇಂಟೆಲ್ ತಾನೇ ಹೊರತಂದ ಪ್ರೊಸೆಸರ್ ಪಟ್ಟಿಯಲ್ಲಿ ಅದು 108 ಕಿಲೊಹರ್ಟ್ಸ್ ಎಂದಿತ್ತು. ಆ ಕಾಲದ ಡೇಟಾಶೀಟ್ ತೆರೆದರೆ ಗರಿಷ್ಠ ವೇಗ 740 ಕಿಲೊಹರ್ಟ್ಸ್, ಒಂದು ಆದೇಶ ಮುಗಿಸಲು ಬೇಕಾದ ಸಮಯ 10.8 ಮೈಕ್ರೊಸೆಕೆಂಡ್. ಸಮಯದ ಅಂಕಿಯಿಂದ ಚುಕ್ಕೆ ಕಳಚಿ ಅದು ವೇಗದ ಅಂಕಿಯಾಗಿ ಕುಳಿತಂತೆ ಕಾಣುತ್ತದೆ. ಆ 108 ಕಂಪನಿಯ ಮುದ್ರೆಯೊಂದಿಗೆ ಪುಸ್ತಕದಿಂದ ಪುಸ್ತಕಕ್ಕೆ ಹರಡಿತು. ವೇಗದ ವಿಷಯದಲ್ಲಿ ಹೀಗಾಗಬಹುದಾದರೆ ತಾರೀಕಿನ ವಿಷಯದಲ್ಲೂ ಆಗಬಹುದು. ವ್ಯತ್ಯಾಸವೇನೆಂದರೆ, ವೇಗವನ್ನು ಡೇಟಾಶೀಟಿನಿಂದ ಲೆಕ್ಕಹಾಕಿ ತಪ್ಪು ಹಿಡಿಯಬಹುದು, ತಾರೀಕಿಗೆ ಅಂಥ ಲೆಕ್ಕವಿಲ್ಲ, ಅದಕ್ಕೆ ದಾಖಲೆಯೊಂದೇ ಗತಿ.

ಅಂದು ಬರೆದ ಪ್ರಕಟಣೆಯೂ ಸಂಪೂರ್ಣ ಸಾಕ್ಷಿಯಲ್ಲ. ಪ್ರಕಟಣೆಯ ದಿನ ಚಿಪ್ ಅಂಗಡಿಯಲ್ಲಿ ಸಿಗುತ್ತಿತ್ತೇ ಎಂಬುದು ಬೇರೆಯೇ ಪ್ರಶ್ನೆ. ಇಂಟೆಲ್ 386 ಪ್ರಕಟವಾದದ್ದು 1985ರ ಅಕ್ಟೋಬರ್ 17ರಂದು. ದೊಡ್ಡ ಪ್ರಮಾಣದಲ್ಲಿ ಸರಬರಾಜು ಶುರುವಾದದ್ದು 1986ರ ಜೂನ್‌ನಲ್ಲಿ. ಅದನ್ನು ಹೊತ್ತ ಕಾಂಪ್ಯಾಕ್ ಡೆಸ್ಕ್‌ಪ್ರೊ 386 ಬಂದದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ. ಕಥೆ ಅಲ್ಲಿಗೂ ಮುಗಿಯಲಿಲ್ಲ. ಆರಂಭದ ಕೆಲವು ಚಿಪ್‌ಗಳು 32 ಬಿಟ್ ಗುಣಾಕಾರದಲ್ಲಿ ತಪ್ಪು ಮಾಡುತ್ತಿದ್ದವು. 1987ರಲ್ಲಿ ತೊಂದರೆ ಗೊತ್ತಾದ ಮೇಲೆ, ಪರೀಕ್ಷೆಯಲ್ಲಿ ಪಾಸಾದ ಚಿಪ್‌ಗಳ ಮೇಲೆ ಗ್ರೀಕ್ ಅಕ್ಷರ ಸಿಗ್ಮಾವನ್ನು ಎರಡು ಸಲ ಒತ್ತಿದರು, ಆಗದವುಗಳ ಮೇಲೆ 16 ಬಿಟ್ ಸಾಫ್ಟ್‌ವೇರಿಗೆ ಮಾತ್ರ ಎಂದು ಅಚ್ಚು ಹಾಕಿದರು. 32 ಬಿಟ್ ಯುಗ ತೆರೆದ ಚಿಪ್ ನಿಜಕ್ಕೂ 32 ಬಿಟ್ ಚಿಪ್ ಆಗಿ ನಂಬಿಕೆಗೆ ಅರ್ಹವಾದದ್ದು ಯಾವಾಗ ಎಂದು ಕೇಳಿದರೆ 1985 ಎಂದು ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಪೈಪೋಟಿ ಬಿಸಿಯಾದಾಗ ಪ್ರಕಟಣೆಗೂ ಸರಕಿಗೂ ನಡುವಿನ ಅಂತರ ಇನ್ನಷ್ಟು ಎದ್ದು ಕಾಣುತ್ತದೆ. 2000ನೇ ಇಸವಿಯ ಮಾರ್ಚ್ 6ರಂದು ಎಎಂಡಿ ಒಂದು ಗಿಗಾಹರ್ಟ್ಸ್‌ನ ಅಥ್ಲಾನ್ ಪ್ರಕಟಿಸಿತು. ಎರಡೇ ದಿನಕ್ಕೆ, ಮಾರ್ಚ್ 8ರಂದು, ಇಂಟೆಲ್ ಅದೇ ವೇಗದ ಪೆಂಟಿಯಂ 3 ಪ್ರಕಟಿಸಿತು, ಆದರೆ ಅದು ಕೈಗೆ ಸಿಗುತ್ತಿದ್ದದ್ದು ತೀರ ಕಡಿಮೆ. ಅದೇ ವರ್ಷ ಜುಲೈ 31ರಂದು ಪ್ರಕಟವಾದ 1.13 ಗಿಗಾಹರ್ಟ್ಸ್ ಪೆಂಟಿಯಂ 3 ಸ್ಥಿರವಾಗಿ ಕೆಲಸ ಮಾಡುವುದಿಲ್ಲವೆಂದು ವಿಮರ್ಶಕರು ತೋರಿಸಿಕೊಟ್ಟ ಮೇಲೆ ಆಗಸ್ಟ್ ಕೊನೆಯಲ್ಲಿ ಅದನ್ನು ವಾಪಸು ಕರೆಸಿಕೊಂಡರು. ಪಟ್ಟಿಯಲ್ಲಿ ಅದಕ್ಕೂ ಒಂದು ತಾರೀಕು ಇದೆ. ಪಕ್ಕದಲ್ಲಿ ವಾಪಸಾತಿಯ ಸಾಲು ಇಲ್ಲದಿದ್ದರೆ ಆ ತಾರೀಕು ಓದುಗನಿಗೆ ಹೇಳುವುದು ಅರ್ಧ ಸತ್ಯ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ, ಅದು ನನಗೆ ಈ ಇಡೀ ಇತಿಹಾಸದಲ್ಲೇ ಅಚ್ಚುಮೆಚ್ಚಿನದು. 1975ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವೆಸ್ಕಾನ್ ಪ್ರದರ್ಶನಕ್ಕೆ ಮಾಸ್ ಟೆಕ್ನಾಲಜಿ ಕಂಪನಿಯ ಚಕ್ ಪೆಡಲ್ ಮತ್ತು ಸಂಗಡಿಗರು ಹೊಸ ಪ್ರೊಸೆಸರ್ ತಂದರು. ಇಂಟೆಲ್ 8080ರ ಬೆಲೆ 360 ಡಾಲರ್ ಇದ್ದ ಕಾಲದಲ್ಲಿ 6501ಕ್ಕೆ 20 ಡಾಲರ್, 6502ಕ್ಕೆ 25 ಡಾಲರ್ ಎಂದು ಜಾಹೀರಾತು ಕೊಟ್ಟಿದ್ದರು. ಪ್ರದರ್ಶನದ ಅಂಗಳದಲ್ಲಿ ಮಾರುವಂತಿಲ್ಲ ಎಂದಾಗ ಹತ್ತಿರದ ಸೇಂಟ್ ಫ್ರಾನ್ಸಿಸ್ ಹೋಟೆಲಿನ ಕೋಣೆಯಲ್ಲಿ ಕೂತು ಬಂದವರ ಕೈಗೇ ಚಿಪ್ ಕೊಟ್ಟರು. ಇಲ್ಲಿ ಪ್ರಕಟಣೆ, ಬೆಲೆ, ಮಾರಾಟ, ಗಿರಾಕಿ ಎಲ್ಲವೂ ಒಂದೇ ವಾರಕ್ಕೆ ಕೂಡಿಬಂದಿವೆ. ಜಾಹೀರಾತು ಉಳಿದಿದೆ, ಕೊಂಡವರ ಮಾತು ಉಳಿದಿದೆ, ಪ್ರದರ್ಶನದ ದಿನಗಳು ಬೇರೆ ದಾಖಲೆಗಳಲ್ಲಿವೆ. ಇಂಥ ತಾರೀಕಿಗೆ ಧೈರ್ಯವಾಗಿ ಸಹಿ ಹಾಕಬಹುದು. ಆದರೂ ಒಂದು ಎಚ್ಚರ ಬೇಕು: ಅಂದು ಮಾರಿದ 6502 ಮತ್ತು ನಂತರ ಆಪಲ್, ಕೊಮೊಡೋರ್, ಬಿಬಿಸಿ ಮೈಕ್ರೊ ಯಂತ್ರಗಳಲ್ಲಿ ದುಡಿದ 6502 ಅಕ್ಷರಶಃ ಒಂದೇ ಅಲ್ಲ. ಬಿಟ್‌ಗಳನ್ನು ಬಲಕ್ಕೆ ಸುತ್ತಿಸುವ ಆರ್‌ಒಆರ್ ಎಂಬ ಆದೇಶ ಮೊದಲ ಚಿಪ್‌ಗಳಲ್ಲಿ ಸರಿಯಾಗಿ ಬಳಕೆಗೆ ಸಿಗುತ್ತಿರಲಿಲ್ಲ, 1976ರ ಮಧ್ಯಭಾಗದ ನಂತರದ ಚಿಪ್‌ಗಳಲ್ಲಿ ಸಿಕ್ಕಿತು. 6501 ಅಂತೂ ಮೊಟೊರೊಲಾ ಹೂಡಿದ ದಾವೆಯಿಂದಾಗಿ ಮಾರುಕಟ್ಟೆಯಿಂದಲೇ ಹೋಯಿತು.

ಕಾಗದ ಕೈಕೊಟ್ಟಲ್ಲಿ ಚಿಪ್ಪೇ ಮಾತಾಡುತ್ತದೆ. ಹಳೆಯ ಚಿಪ್‌ಗಳ ಮೈಮೇಲೆ ಸಾಮಾನ್ಯವಾಗಿ ನಾಲ್ಕು ಅಂಕಿಯ ಡೇಟ್ ಕೋಡ್ ಇರುತ್ತದೆ. 7611 ಎಂದಿದ್ದರೆ 1976ನೇ ಇಸವಿಯ ಹನ್ನೊಂದನೇ ವಾರ. ಸಂಗ್ರಾಹಕರು ಒಂದೇ ಮಾದರಿಯ ನೂರಾರು ಚಿಪ್‌ಗಳ ಕೋಡ್ ಪಟ್ಟಿಮಾಡಿ, ಅತಿ ಹಳೆಯದು ಯಾವುದೆಂದು ಹುಡುಕುತ್ತಾರೆ. ಇದು ಶ್ರಮದ ಕೆಲಸ, ಗೌರವಕ್ಕೆ ಅರ್ಹವಾದ ಕೆಲಸ. ವೃತ್ತಿಪರ ಇತಿಹಾಸಕಾರರು ತಲೆಹಾಕದ ಕಡೆ ಈ ಹವ್ಯಾಸಿಗಳೇ ಸಾಕ್ಷ್ಯ ಉಳಿಸಿದ್ದಾರೆ. ಆದರೆ ಕೋಡ್ ಹೇಳುವುದು ಚಿಪ್ಪನ್ನು ಕವಚದೊಳಗೆ ಸೇರಿಸಿ ಮುದ್ರೆ ಹಾಕಿದ ವಾರವನ್ನು. ಆ ಹೊತ್ತಿಗೆ ಚಿಪ್ ತಯಾರಾಗಿತ್ತು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಅದು ಪರೀಕ್ಷೆಗೆ ಕೊಟ್ಟ ಸ್ಯಾಂಪಲ್ಲೋ ಮಾರಿದ ಸರಕೋ ಎಂಬುದನ್ನು ಹೇಳಲಾರದು. ಇಂಟೆಲ್ ಚಿಪ್‌ಗಳ ಮೇಲೆ ’78, ’82 ಎಂದು ಕಾಣುವ ವರ್ಷ ವಿನ್ಯಾಸದ ಹಕ್ಕುಸ್ವಾಮ್ಯದ್ದು, ತಯಾರಿಕೆಯದ್ದಲ್ಲ. ಹತ್ತು ವರ್ಷದ ನಂತರ ತಯಾರಾದ ಚಿಪ್‌ನ ಮೇಲೂ ಅದೇ ವರ್ಷ ಇರುತ್ತದೆ. ಅಪರೂಪದ ಚಿಪ್‌ಗಳಿಗೆ ಬೆಲೆ ಬಂದ ಮೇಲೆ ಹಳೆಯ ಅಕ್ಷರ ಕೆರೆದು ಹೊಸ ಗುರುತು ಒತ್ತಿ ಮಾರುವ ಮೋಸವೂ ಬೆಳೆದಿದೆ. ಒಂದೇ ಚಿಪ್‌ನ ಕೋಡ್ ನಂಬಿ ಇತಿಹಾಸ ತಿದ್ದಲು ಹೊರಡುವವರು ಇದನ್ನು ನೆನಪಿಡಬೇಕು.

ನನ್ನ ದೃಷ್ಟಿಯಲ್ಲಿ ಅತ್ಯಂತ ಬಲವಾದ, ಆದರೆ ಕಡಿಮೆ ಬಳಕೆಯಾದ ಸಾಕ್ಷ್ಯ ಸರ್ಕಾರಿ ನೋಂದಣಿ ಪುಸ್ತಕದಲ್ಲಿದೆ. ಚಿಪ್ ವಿನ್ಯಾಸದ ನಕಲು ತಡೆಯಲು ಅಮೆರಿಕ 1984ರಲ್ಲಿ ಪ್ರತ್ಯೇಕ ಕಾನೂನು ಮಾಡಿತು. ವಾಣಿಜ್ಯವಾಗಿ ಮೊದಲು ಬಳಸಿಕೊಂಡ ಎರಡು ವರ್ಷದೊಳಗೆ ನೋಂದಾಯಿಸದಿದ್ದರೆ ರಕ್ಷಣೆ ಹೋಗುತ್ತದೆ, ಆದ್ದರಿಂದ ಅರ್ಜಿಯಲ್ಲಿ ಆ ಮೊದಲ ದಿನ ಮತ್ತು ದೇಶವನ್ನು ಬರೆಯಲೇಬೇಕು. ಸುಳ್ಳು ಬರೆದರೆ ಹಕ್ಕೇ ಅಪಾಯಕ್ಕೆ ಸಿಲುಕುತ್ತದೆ. ಜಾಹೀರಾತು ಬರೆಯುವವನಿಗೆ ತಾರೀಕನ್ನು ಹಿಂದಕ್ಕೆ ಎಳೆಯುವ ಆಸೆ ಇರಬಹುದು, ಈ ಅರ್ಜಿ ತುಂಬುವ ವಕೀಲನಿಗೆ ಸರಿಯಾಗಿ ಬರೆಯುವ ಭಯ ಇರುತ್ತದೆ. ಸಾಕ್ಷಿಯನ್ನು ತೂಗುವಾಗ ಅದನ್ನು ಬರೆದವನಿಗೆ ಏನು ಲಾಭ, ಏನು ನಷ್ಟ ಎಂದು ಕೇಳುವುದು ಇತಿಹಾಸದ ಮೊದಲ ಪಾಠ. ಭಾರತವೂ 2000ನೇ ಇಸವಿಯಲ್ಲಿ ಇಂಥದೇ ಕಾನೂನು ಮಾಡಿಕೊಂಡಿದೆ.

ಚಿಪ್ ಮಾಡಿದವರೇ ಹೇಳುತ್ತಿರುವಾಗ ಕಾಗದವೇಕೆ ಎಂದೂ ಕೆಲವರು ಕೇಳುತ್ತಾರೆ. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಫಾಜಿನ್, ಶಿಮಾ ಅವರಂಥವರ ದೀರ್ಘ ಸಂದರ್ಶನಗಳನ್ನು ದಾಖಲಿಸಿ ಬಹುದೊಡ್ಡ ಉಪಕಾರ ಮಾಡಿದೆ. ಏಕೆ ಹಾಗೆ ಮಾಡಿದರು, ಯಾರ ಜತೆ ಜಗಳವಾಯಿತು, ಯಾವ ತಪ್ಪು ಹೇಗೆ ಸಿಕ್ಕಿತು ಎಂಬುದು ಯಾವ ಡೇಟಾಶೀಟಿನಲ್ಲೂ ಇರುವುದಿಲ್ಲ. ಆದರೆ ಮೂವತ್ತು ವರ್ಷದ ಮೇಲೆ ನೆನಪಿಗೆ ಬರುವ ತಿಂಗಳು, ನೆನಪಿಗೆ ಬರುವ ಕಾರಣದಷ್ಟು ಗಟ್ಟಿಯಲ್ಲ. ಅದೂ ಅಲ್ಲದೆ ಎಂಜಿನಿಯರನ ಮನಸ್ಸಿನಲ್ಲಿ ಚಿಪ್ ಹುಟ್ಟುವುದು ಮೊದಲ ವೇಫರ್ ಕೆಲಸ ಮಾಡಿದ ರಾತ್ರಿ, ಮಾರಾಟದ ವಿಭಾಗದವರ ಮನಸ್ಸಿನಲ್ಲಿ ಮೊದಲ ಆರ್ಡರ್ ಬಂದ ದಿನ. ಝೈಲಾಗ್ ಝಡ್80ಕ್ಕೆ 1976ರ ಮಾರ್ಚ್ ಎಂದೂ ಜುಲೈ ಎಂದೂ ಎರಡು ಉತ್ತರ ಓಡಾಡುವುದು ಹೀಗೆಯೇ. ಮೊದಲ ಸ್ಯಾಂಪಲ್‌ಗಳು ಕೆಲಸ ಮಾಡಿದ್ದು ಮಾರ್ಚ್‌ನಲ್ಲಿ, ಮಾರುಕಟ್ಟೆಗೆ ಬಂದದ್ದು ಜುಲೈಯಲ್ಲಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಸಾಮಾನ್ಯ ಓದುಗನಿಗೆ, ಪರೀಕ್ಷೆ ಬರೆಯುವ ವಿದ್ಯಾರ್ಥಿಗೆ ಇಷ್ಟೆಲ್ಲ ಕೊಟ್ಟರೆ ಗೊಂದಲವಾಗುತ್ತದೆ, ಒಂದು ತಾರೀಕು ಸಾಕು ಎಂಬುದು ಕೊನೆಯ ಆಕ್ಷೇಪ. ಒಂದೇ ಕೊಡಿ, ನನ್ನ ತಕರಾರಿಲ್ಲ. 1971ರ ನವೆಂಬರ್ 15ರಂದು ಇಂಟೆಲ್ 4004 ಜಾಹೀರಾತು ಪ್ರಕಟವಾಯಿತು ಎಂದು ಬರೆಯಲು ಒಂದೇ ಪದ ಹೆಚ್ಚು ಬೇಕು. ತಿಂಗಳು ಮಾತ್ರ ಗೊತ್ತಿದ್ದರೆ ತಿಂಗಳಿಗೇ ನಿಲ್ಲಿ, ದಿನ ಸೇರಿಸಬೇಡಿ. ವರ್ಷ ಮಾತ್ರ ಗೊತ್ತಿದ್ದರೆ ವರ್ಷ ಸಾಕು. ಹಲ್ಮಿಡಿ ಶಾಸನವನ್ನು ಸುಮಾರು ಕ್ರಿ.ಶ. 450 ಎಂದು ನಮ್ಮ ಮಕ್ಕಳು ಓದುತ್ತಾರೆ, ಆ ‘ಸುಮಾರು’ ಯಾರನ್ನೂ ಗೊಂದಲಕ್ಕೆ ತಳ್ಳಿಲ್ಲ.

ಇದು ಅಮೆರಿಕದ ಕಂಪನಿಗಳ ಮನೆಯ ವಿಷಯ ಎಂದು ನಾವು ಕೈಕಟ್ಟಿ ಕೂರುವ ಕಾಲವೂ ಈಗ ಇಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಂದಿನಿಂದ ಇಲ್ಲಿ ಚಿಪ್ ವಿನ್ಯಾಸ ನಡೆಯುತ್ತಿದೆ. ಆರು ಕೋರ್‌ಗಳ, 190 ಕೋಟಿ ಟ್ರಾನ್ಸಿಸ್ಟರ್‌ಗಳ ಇಂಟೆಲ್ ಝಿಯಾನ್ 7400 ಬೆಂಗಳೂರಿನ ತಂಡದ ಕೆಲಸ. ಪಟ್ಟಿಗಳಲ್ಲಿ ಅದಕ್ಕಿರುವುದು 2008ರ ಸೆಪ್ಟೆಂಬರ್ ಎಂಬ ಪ್ರಕಟಣೆಯ ತಾರೀಕು ಮಾತ್ರ. ಬೆಂಗಳೂರಿನ ಎಂಜಿನಿಯರುಗಳ ದುಡಿಮೆ ನಡೆದದ್ದು ಅದಕ್ಕೂ ಹಿಂದಿನ ವರ್ಷಗಳಲ್ಲಿ. ಪ್ರಕಟಣೆಯೊಂದನ್ನೇ ಇತಿಹಾಸವೆಂದು ಒಪ್ಪಿದರೆ ಆ ವರ್ಷಗಳು, ಆ ಊರು, ಆ ಜನ ಪಟ್ಟಿಯಿಂದ ಬಿಟ್ಟುಹೋಗುತ್ತಾರೆ.

ವಿಕ್ರಂ 3201 ಇನ್ನೂ ಹೊಸ ಉದಾಹರಣೆ. ಇಸ್ರೊದ ವಿಕ್ರಂ ಸಾರಾಭಾಯ್ ಕೇಂದ್ರ ಮತ್ತು ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿ ಸೇರಿ ಮಾಡಿದ ಈ 32 ಬಿಟ್ ಪ್ರೊಸೆಸರ್ 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60ರಲ್ಲಿ ಹಾರಿ ಪರೀಕ್ಷೆಗೆ ಒಳಗಾಯಿತು. ತಯಾರಿಕೆಯ ಮೊದಲ ಕಂತನ್ನು ಇಸ್ರೊ ಅಧ್ಯಕ್ಷರಿಗೆ ಒಪ್ಪಿಸಿದ್ದು 2025ರ ಮಾರ್ಚ್ 5ರಂದು. ಪ್ರಧಾನಿಯ ಕೈಗೆ ಕೊಟ್ಟು ಛಾಯಾಚಿತ್ರ ತೆಗೆಸಿದ್ದು ಸೆಪ್ಟೆಂಬರ್ 2ರಂದು. ಸೆಪ್ಟೆಂಬರ್‌ನಲ್ಲಿ ಅದು ದೇಶದ ಮೊದಲ ಚಿಪ್ ಎಂಬ ತಲೆಬರಹಗಳಲ್ಲಿ ಬಂತು. ಆದರೆ ಇದೇ ಸಂಸ್ಥೆಗಳ 16 ಬಿಟ್‌ನ ವಿಕ್ರಂ 1601 ನಮ್ಮ ರಾಕೆಟ್‌ಗಳಲ್ಲಿ 2009ರಿಂದ ಹಾರುತ್ತಿದೆ, ಐಐಟಿ ಮದ್ರಾಸ್‌ನ ಶಕ್ತಿ ಪ್ರೊಸೆಸರ್ ಇದೇ ಮೊಹಾಲಿಯಲ್ಲಿ 2018ರಲ್ಲಿ ತಯಾರಾಗಿದೆ. ಉಡಾವಣಾ ವಾಹನದ ಕಠಿಣ ಪರಿಸರಕ್ಕೆ ಅರ್ಹವೆಂದು ಸಾಬೀತಾದ, ಪೂರ್ತಿಯಾಗಿ ಭಾರತದಲ್ಲೇ ತಯಾರಾದ ಮೊದಲ 32 ಬಿಟ್ ಪ್ರೊಸೆಸರ್ ಎಂದು ಇಸ್ರೊ ಮಾರ್ಚ್‌ನಲ್ಲೇ ಷರತ್ತುಗಳ ಸಮೇತ ಹೇಳಿತ್ತು. ಆ ಷರತ್ತುಗಳನ್ನು ಕತ್ತರಿಸಿದ್ದು ತಲೆಬರಹ ಬರೆದವರು. ಈ ಮೂರು ದಿನಗಳ ದಾಖಲೆಗಳೂ ಇಂದು ಕೈಗೆಟುಕುವಂತಿವೆ, ಚಿಪ್ಪನ್ನು ರೂಪಿಸಿದ ಎಂಜಿನಿಯರುಗಳು ಕೆಲಸದಲ್ಲೇ ಇದ್ದಾರೆ. ಮೊದಲ ವೇಫರ್ ಕೆಲಸ ಮಾಡಿದ ದಿನ ಯಾವುದು, ಡೇಟಾಶೀಟಿನ ಮೊದಲ ಆವೃತ್ತಿ ಯಾವ ತಾರೀಕಿನದು ಎಂದು ಅವರನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ಇಸ್ರೊ ಮತ್ತು ಮೊಹಾಲಿಯ ಪ್ರಯೋಗಾಲಯ ಈ ವರ್ಷವೇ ಮಾಡಬೇಕು.